ಗಾದ್ರಪ್ಪ ಮುಳುಗಿಸದ ಹಡಗುಗಳು

ಸಾಸ್ವೆಹಳ್ಳಿಯ ಗಾದ್ರಪ್ಪನವರು ಎಪ್ಪತ್ತೊಂದರ ಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರು ಎಂಬುದು ಹೊನ್ನಾಳಿಗೆ ಗೊತ್ತಾಗಲು ಐವತ್ತು ವರ್ಷಕ್ಕೂ ಮೇಲೆ ಬೇಕಾಯಿತು. ಗೊತ್ತಾದ ಮೇಲೆ ಮಾತ್ರ ಹೊನ್ನಾಳಿ ತಡಮಾಡಲಿಲ್ಲ. ಸನ್ಮಾನ ಸಮಿತಿಯ ಅಧ್ಯಕ್ಷ ಷಣ್ಮುಖಪ್ಪ ಮರುದಿನವೇ ಮನೆಗೆ ಬಂದು ಕೂತ. ಗಡಿಯನ್ನು ನಕಾಶೆಯಲ್ಲಷ್ಟೇ ಕಂಡಿದ್ದರೂ ಯುದ್ಧವೆಂದರೆ ಮೈಮೇಲೆ ಬಂದವನಂತೆ ಆಡುವ ಮನುಷ್ಯ.

“ನಿಮ್ಮ ಹಡಗು ಎಷ್ಟು ಶತ್ರು ಹಡಗು ಮುಳುಗಿಸ್ತು, ಹೇಳ್ರಿ. ಬರ್ಕೊಂತೀನಿ.”

“ನಮ್ದು ರಿಪೇರಿ ಹಡಗು ರೀ. ಪೆಟ್ಟಾದ ಹಡಗು ನಮ್ಮ ಪಕ್ಕ ಬಂದು ನಿಲ್ಲೋವು. ನಾವು ಸರಿ ಮಾಡಿ ಕಳಿಸ್ತಿದ್ವಿ. ನಾನು ಫಿಟ್ಟರ್ರು.”

ಬಿರುಕುಬಿಟ್ಟ ಬಾಯ್ಲರ್ ಕೊಳವೆ, ಕೆಟ್ಟ ಪಂಪು, ಇನ್ನೂರು ಜನಕ್ಕೆ ರೊಟ್ಟಿ ಸುಡುವ ಒಂದು ಒಲೆ. ತಾವು ಸರಿಮಾಡಿದ್ದನ್ನೆಲ್ಲ ಗಾದ್ರಪ್ಪ ಒಂದೊಂದಾಗಿ ಹೇಳುತ್ತ ಹೋದರು. ಷಣ್ಮುಖಪ್ಪನ ಪೆನ್ನು ರೊಟ್ಟಿಯ ಒಲೆಗೆ ಬಂದು ನಿಂತೇಬಿಟ್ಟಿತು.

ಸನ್ಮಾನದ ದಿನ ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸ್. ಅದರಲ್ಲಿ ವಿಮಾನ ಹೊತ್ತ ಹಡಗು, ಅದರ ಮೇಲೆ ಬೇರೆ ಯಾವುದೋ ದೇಶದ ಬಾವುಟ. ಇದು ನಮ್ಮ ಹಡಗಲ್ಲ ಎಂದು ಗಾದ್ರಪ್ಪ ತೋರಿಸಿದರು. “ನೀರಿನ ಮ್ಯಾಲೆ ಐತಲ್ರೀ, ಸಾಕು ಬಿಡ್ರಿ” ಎಂದ ಷಣ್ಮುಖಪ್ಪ. ಆಮೇಲೆ ಮೈಕು ಹಿಡಿದು, ಸಾಸ್ವೆಹಳ್ಳಿಯ ಹುಲಿ ಮೂರು ಶತ್ರು ಹಡಗುಗಳಿಗೆ ಸಮುದ್ರದ ತಳ ಕಾಣಿಸಿತೆಂದು ಘರ್ಜಿಸಿದ. ಜನ ಶಿಳ್ಳೆ ಹೊಡೆದರು.

ಗಾದ್ರಪ್ಪನವರಿಗೆ ಕಿವಿ ಬಿಸಿಯಾಯಿತು. ಎದ್ದು ನಿಂತರು. “ಸುಳ್ಳು ರೀ ಅದು. ನಮ್ಮ ಹಡಗು ಯಾರನ್ನೂ ಮುಳುಗಿಸ್ಲಿಲ್ಲ. ಒಂದು ಗುಂಡೂ ಹೊಡೀಲಿಲ್ಲ.”

ಷಣ್ಮುಖಪ್ಪ ಒಂದು ಕ್ಷಣ ಬೆವತ. ಮರುಕ್ಷಣವೇ ಮೈಕಿಗೆ ಬಾಯಿಟ್ಟು ಪಿಸುಗುಟ್ಟಿದ: “ಕೇಳಿದ್ರಾ? ಇವತ್ತಿಗೂ ಬಾಯಿ ಬಿಡಂಗಿಲ್ಲ. ಮಿಲಿಟರಿ ರಹಸ್ಯ!”

ಚಪ್ಪಾಳೆಗೆ ಶಾಮಿಯಾನ ಅದುರಿತು.

ಸುದ್ದಿ ಹಬ್ಬಿ ಬೇರೆ ಊರುಗಳಿಂದಲೂ ಸನ್ಮಾನಕ್ಕೆ ಕರೆ ಬಂತು. ಸುಳ್ಳನ್ನು ತಿದ್ದಿ ಬರಲೇಬೇಕೆಂದು ಗಾದ್ರಪ್ಪ ನ್ಯಾಮತಿಗೂ ಹೋದರು, ಚನ್ನಗಿರಿಗೂ ಹೋದರು. ಸನ್ಮಾನಿತರ ಪಕ್ಕದ ಕುರ್ಚಿಗೂ ಶಾಲು ಬೀಳುತ್ತದೆಂದು ಷಣ್ಮುಖಪ್ಪ ಜೊತೆಗೇ ಹೋದ. ನ್ಯಾಮತಿಯಲ್ಲಿ ಹಡಗು ಐದಾದವು. ಚನ್ನಗಿರಿಯಲ್ಲಿ ಏಳಾದವು, ಮೇಲೊಂದು ಸಬ್‌ಮೆರೀನು. ಅಲ್ಲ ಅಂದಷ್ಟೂ ಗಾದ್ರಪ್ಪ ದೊಡ್ಡವರಾಗುತ್ತ ಹೋದರು.

“ಒಂದಾದ್ರೂ ಮುಳುಗಿಸೀನಿ ಅಂದುಬಿಡ್ರಿ ಅತ್ಲಾಗೆ, ಈ ತಿರುಗಾಟ ತಪ್ಪುತ್ತೆ” ಎಂದರು ಹೆಂಡತಿ ಭೀಮಕ್ಕ, ಮೂರನೆಯ ಶಾಲು ಮಡಿಸುತ್ತ. ಗಾದ್ರಪ್ಪ ನಗಲಿಲ್ಲ. ಆ ಯಂತ್ರದ ಕೋಣೆಗಳಲ್ಲಿ ಕೈ ಸುಟ್ಟುಕೊಂಡ ಜೊತೆಗಾರರು ಕಣ್ಣ ಮುಂದೆ ಬರುತ್ತಿದ್ದರು. ಷಣ್ಮುಖಪ್ಪನ ಭಾಷಣದಲ್ಲಿ ಅವರೆಲ್ಲರ ದುಡಿಮೆ ನಾಚಿಕೆಯ ಸಂಗತಿಯಾಗಿಬಿಟ್ಟಿತ್ತು.

ಕೊನೆಗೆ ಜಗಳೂರು. ನೀರಿಗೆ ಸಾವಿರ ಅಡಿ ಕೊರೆಯುವ ಊರಿನಲ್ಲಿ ಷಣ್ಮುಖಪ್ಪ ಸಮುದ್ರವನ್ನೇ ಹರಿಸಿ ಹನ್ನೊಂದು ಹಡಗು ಮುಳುಗಿಸಿದ. ಈ ಸಲ ಗಾದ್ರಪ್ಪ ಅಲ್ಲಗಳೆಯಲಿಲ್ಲ. ಪೆಟ್ಟಾಗಿ ಬಂದ ಒಂದು ಹಡಗಿನ ತಳದ ಬಿರುಕನ್ನು ಸಿಮೆಂಟು ಹಾಕಿ ಮುಚ್ಚಿದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿ ಕೂತರು. ಜನ ಆಕಳಿಸಿದರು.

ವೇದಿಕೆ ಇಳಿದು ಬರುವಾಗ, ಕೈಯೆಲ್ಲ ಗ್ರೀಸಾಗಿದ್ದವನೊಬ್ಬ ಅಡ್ಡ ನಿಂತ. ಬೋರ್‌ವೆಲ್ ಮೋಟಾರು ರಿಪೇರಿಯ ದುರುಗಪ್ಪ.

“ಯಜಮಾನ್ರೇ, ಒಂದು ಕೇಳ್ಲಾ? ನೀರು ಚಿಮ್ಮೋವಾಗ ಸಿಮೆಂಟು ಹೆಂಗೆ ನಿಲ್ತು? ಕೊಚ್ಕೊಂಡು ಹೋಗ್ಬೇಕಲ್ಲ?”

ಗಾದ್ರಪ್ಪ ಅವನನ್ನೇ ನೋಡಿದರು. ಐವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.

“ಮೊದ್ಲು ಬೆಣೆ ಬಡಿಬೇಕು. ಸುತ್ತ ಹಲಗೆ ಪೆಟ್ಟಿಗೆ ಕಟ್ಬೇಕು. ಆಮೇಲೆ ನೀರಿಗೆ ದಾರಿ ಬಿಡ್ಬೇಕಪ್ಪಾ, ಒಂದು ಪೈಪು ಇಟ್ಟು. ನೀರು ಪೈಪಿನಾಗೆ ಹೋಗ್ತಿರುತ್ತೆ, ಸುತ್ತ ಸಿಮೆಂಟು ಗಟ್ಟಿ ಆಗ್ತಿರುತ್ತೆ. ಪೂರ್ತಿ ಗಟ್ಟಿ ಆದ್ಮೇಲೆ ಪೈಪಿನ ಬಾಯಿ ಮುಚ್ಚೋದು.”

“ಅಬ್ಬಾ! ಎಷ್ಟೊತ್ತು ಹಿಡೀತು?”

“ಒಂದು ಹಗಲು ಪೂರ್ತಿ ಎದೆಮಟ ನೀರಾಗೆ ನಿಂತಿದ್ವಿ. ಹಡಗಿನಾಗೆ ನೂರೆಂಬತ್ತು ಜನ ಇದ್ರು.”

ಅಷ್ಟರಲ್ಲಿ ಷಣ್ಮುಖಪ್ಪನ ಕಾರು ಹಾರ್ನ್ ಹೊಡೆಯಿತು. “ಬರ್ರೀ, ಊಟಕ್ಕೆ ಎಮ್ಮೆಲ್ಲೆ ಕಾಯ್ತಾರೆ!”

“ನೀವು ಹೋಗ್ರಿ. ನಾನು ಬಸ್ಸಿಗೆ ಬರ್ತೀನಿ” ಎಂದರು ಗಾದ್ರಪ್ಪ. ದುರುಗಪ್ಪನ ಅಂಗಡಿಯ ಮುಂದೆ ಒಂದು ಹಳೇ ಮೋಟಾರಿನ ಮೇಲೆ ಕೂತು, ನೆಲದಲ್ಲಿ ಕಡ್ಡಿಯಿಂದ ಹಡಗಿನ ತಳದ ಚಿತ್ರ ಬರೆಯಲು ಶುರುಮಾಡಿದರು.