ಒಂದು ಗೇಣು ನೆಲ ಬಿಟ್ಟಾಗ

ಭಾನುಮತಿ ಲಾರಿಯಿಂದ ಇಳಿಯುವ ಹಾಗಿರಲಿಲ್ಲ. ಒಂಟಿಕೊಪ್ಪಲಿನಿಂದ ಹೊರಡುವಾಗಲೇ ಮೇಸ್ತ್ರಿ ಬೆಟ್ಟಯ್ಯ ಮುಖ ಬೇರೆ ಕಡೆ ತಿರುಗಿಸಿಕೊಂಡು ಅದನ್ನು ಹೇಳಿ ಮುಗಿಸಿದ್ದ.

"ಭಾರ ನೆಲ ಬುಡೋಗಂಟ ಒಳಗೇ ಕುಂತಿರಿ ಅವ್ವಾ. ನೆಲ ಬುಟ್ಟ ಮ್ಯಾಲೆ ಇಳ್ಕೊಂಡು ಬನ್ನಿ, ಯಾರೂ ಏನೂ ಅನ್ನಾಕಿಲ್ಲ. ನಂಗೇನಿಲ್ಲ. ಹುಡುಗ್ರು ಅಳುಕ್ತವೆ."

ಅವಳು ಸರಿ ಎಂದಿದ್ದಳು. ಗಂಡ ಪುಟ್ಟಸ್ವಾಮಿ ಕಾಮಾಲೆಯಲ್ಲಿ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅಷ್ಟು ದಿನದಲ್ಲಿ ಅವಳು ಸರಿ ಎನ್ನದ ಮಾತೇ ಇರಲಿಲ್ಲ.

ಲಾರಿಯ ಎದುರಿಗೆ ನಿಂತಿದ್ದದ್ದು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಆರು ಗಾಲಿಯ ಕ್ರೇನು. ಪುಟ್ಟಸ್ವಾಮಿ ಅದನ್ನು ಮದುವೆಗೆ ಮುಂಚೆಯೇ ತಂದಿದ್ದ. ಅವನು ಹೋದ ಮೇಲೆ ಹಿತ್ತಲಿನ ಹೊಂಗೆಮರದ ಕೆಳಗೆ ಅದು ಒಂದು ಮಳೆಗಾಲ ಪೂರ್ತಿ ನೆನೆಯುತ್ತ ಕಳೆದಿತ್ತು. ಊರಿನಿಂದ ಬಂದ ಭಾವ ಅದರ ಸುತ್ತ ಎರಡು ಸುತ್ತು ಹಾಕಿ, "ಇದೊಂದು ಕೆಲಸ ನೋಡೋಣ ಕಣಮ್ಮ. ನಿಭಾಯಿಸಿದ್ರೆ ಇರ್ಲಿ. ಇಲ್ದಿದ್ರೆ ಕಬ್ಬಿಣದ ತೂಕಕ್ಕೆ ಹಾಕ್ಬುಟ್ಟು, ನೀನು ಊರಿಗೆ ಬಂದ್ಬುಡು. ಒಬ್ಳೇ ಇಲ್ಲಿ ಏನ್ ಮಾಡೀಯ?" ಎಂದಿದ್ದ. ಅದಕ್ಕೂ ಅವಳು ಸರಿ ಎಂದಿದ್ದಳು. ಆ ರಾತ್ರಿಯಿಂದ ನಿದ್ದೆ ಮಾತ್ರ ಹತ್ತಿರ ಸುಳಿದಿರಲಿಲ್ಲ.

ಇದೊಂದು ಕೆಲಸ ಎಂದರೆ ಕಡಕೊಳದ ಹತ್ತಿರ ಏಳುತ್ತಿದ್ದ ಎಣ್ಣೆ ಮಿಲ್ಲಿನ ಬಾಯ್ಲರು. ಐದು ಟನ್ ತೂಕ. ಅದನ್ನು ನೆಲದಿಂದ ಎತ್ತಿ, ಅರ್ಧ ಎದ್ದ ಗೋಡೆಯನ್ನು ದಾಟಿಸಿ, ಎದೆಯೆತ್ತರದ ಕಟ್ಟೆಯ ಮೇಲೆ ಕೂರಿಸಬೇಕು. ಜಂಬೂಸವಾರಿಯ ಮಾರನೆಯ ದಿನ, ಶುಕ್ರವಾರ. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಬಾಯ್ಲರು ಕಟ್ಟೆ ಹತ್ತಬೇಕೆಂದು ಕಂಟ್ರಾಕ್ಟರ್ ಶಿವರುದ್ರಪ್ಪ ಗಡಿಯಾರ ನೋಡುತ್ತ ಓಡಾಡುತ್ತಿದ್ದ.

ಕಿಟಕಿಯಿಂದ ಕ್ರೇನು ಚೆನ್ನಾಗಿ ಕಾಣುತ್ತಿತ್ತು. ಬಾಗಿಲಿಗೆ ಕುಂಕುಮ, ತೋಳಿಗೆ ಚೆಂಡುಹೂವಿನ ಹಾರ. ಮೊನ್ನೆ ಹಿತ್ತಲಿನಲ್ಲಿ ಆಯುಧಪೂಜೆ ನಡೆದಾಗ ಅವಳು ಅಡುಗೆಮನೆಯಲ್ಲಿದ್ದಳು. ಕರ್ಪೂರದ ವಾಸನೆಯಷ್ಟೇ ಬಂದಿತ್ತು. ಈಗ ನೋಡಿದರೆ ತುದಿಯ ರಾಟೆಯಿಂದ ಇಳಿದ ಉಕ್ಕಿನ ಹಗ್ಗ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಬರೀ ಎಣ್ಣೆ ಹಚ್ಚಿದ ಹಗ್ಗ ಹಾಗೆ ಮಿಂಚುವುದಿಲ್ಲ.

"ಬೆಟ್ಟಯ್ಯ, ಹಗ್ಗ ಯಾಕೆ ಅಷ್ಟು ಕಪ್ಪಗಿದೆ?"

"ಮಹದೇವು ಹಬ್ಬಕ್ಕೆ ಡಾಂಬರು ಬಳಿದವ್ನೆ ಕಣವ್ವ. ಬರೀ ತುಕ್ಕು ಬಂದಿತ್ತಲ್ಲ. ಈಗ ನೋಡಿ, ಮದ್ವೆ ಗಂಡು ಇದ್ದಂಗದೆ."

ಕ್ರೇನಿನ ಗೂಡಿನಲ್ಲಿ ಹಿಡಿಕೆ ಹಿಡಿದು ಕೂತಿದ್ದ ಮಹದೇವು ಹಲ್ಲು ಕಿರಿದ. "ಪುಟ್ಟಸ್ವಾಮಣ್ಣನ ಕೈಲಿದ್ದಾಗ್ಲೂ ಇಷ್ಟು ಹೊಳಪಿರಲಿಲ್ಲ ಅಕ್ಕಾವ್ರೆ!"

"ಬಟ್ಟೆ ಹಿಡಿದು ನೋಡಿದಿರಾ?"

"ಬೆಳಗ್ಗೇನೇ ಹಿಡ್ದೆ. ಬೆಣ್ಣೆ ಜಾರ್ದಂಗೆ ಜಾರ್ತು. ಒಂದು ನೂಲೂ ಸಿಗಾಕಲಿಲ್ಲ" ಎಂದ ಬೆಟ್ಟಯ್ಯ.

ಭಾನುವಾರಗಳಂದು ಪುಟ್ಟಸ್ವಾಮಿ ಹಳೆಯ ಪಂಚೆಯ ಚೂರನ್ನು ಹಗ್ಗಕ್ಕೆ ಸುತ್ತಿ ಹಿಡಿದು, ಹಗ್ಗವನ್ನು ನಿಧಾನ ಓಡಿಸುತ್ತಿದ್ದ. ಹೆಣೆದ ತಂತಿ ಎಲ್ಲಿ ಮುರಿದಿದೆಯೋ ಅಲ್ಲಿ ನೂಲು ಸಿಕ್ಕಿಕೊಂಡು ಉಳಿಯುತ್ತಿತ್ತು. ಬಿ.ಎಸ್ಸಿ. ಓದಿದ ಹೆಂಡತಿಗೆ ಅವನು ಕೊಟ್ಟಿದ್ದ ಕೆಲಸ ಆ ನೂಲುಗಳನ್ನು ಎಣಿಸುವುದು. ಹಬ್ಬಕ್ಕೆ ಬಣ್ಣ ಬಳಿಯಲು ಹೊರಟವರನ್ನು ಪ್ರತಿ ವರ್ಷವೂ ಅವನು ಗದರುತ್ತಿದ್ದ: "ಗಾಡಿಗೆ ಏನಾದ್ರೂ ಬಳ್ಕೊಳ್ರೋ, ಹಗ್ಗದ ತಂಟೆಗೆ ಹೋಗ್ಬೇಡಿ."

ಡಾಂಬರು ಬಳಿದ ಹಗ್ಗದ ಮೇಲೆ ಬಟ್ಟೆ ಜಾರದೆ ಇನ್ನೇನು ಮಾಡುತ್ತದೆ? ಮುರಿದ ತಂತಿಯೂ ಒಂದೇ, ಗಟ್ಟಿ ತಂತಿಯೂ ಒಂದೇ.

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಶಿವರುದ್ರಪ್ಪ ಬಂದು ಲಾರಿಯ ಬಾಗಿಲಿನ ಮೇಲೆ ಕೈಯಿಟ್ಟ. "ಏನಮ್ಮಾ, ಇನ್ನೂ ಏನು ಮಾತುಕತೆ? ಒಂಬತ್ತೂಮುಕ್ಕಾಲು ಆಯ್ತು. ಪುಟ್ಟಸ್ವಾಮಿ ಮುಖ ನೋಡಿ ನಿಮಗೆ ಕೊಟ್ಟೆ. ಆಗಲ್ಲ ಅನ್ನಿ, ಬೆಂಗಳೂರಿಂದ ತರಿಸ್ಕೋತೀನಿ."

ಡಾಂಬರು ಕೆರೆಯಲು ಅರ್ಧ ದಿನ ಬೇಕು. ಕೆರೆದ ಮೇಲೆ ಹಗ್ಗ ಚೆನ್ನಾಗಿಯೇ ಇದ್ದರೆ? ಕೆಲಸವೂ ಹೋಗುತ್ತದೆ, ಕ್ರೇನೂ ಹೋಗುತ್ತದೆ, ಹುಚ್ಚು ಹೆಂಗಸು ಎಂಬ ಹೆಸರು ಉಳಿಯುತ್ತದೆ. ಚೆನ್ನಾಗಿಯೇ ಇರಬಹುದು. ಇರಬಹುದಲ್ಲವೇ?

"ಏನಿಲ್ಲ. ಎತ್ತಲಿ" ಎಂದಳು.

ತೆಂಗಿನಕಾಯಿ ಒಡೆದ ಸದ್ದಾಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ನುಗ್ಗಾಯಿತು. ಬಾಯ್ಲರು ತಿರುಗದಂತೆ ನಾಲ್ವರು ಅದರ ನಾಲ್ಕು ಕಡೆ ಕೈಯಿಟ್ಟು ನಿಂತರು. ಬೆಟ್ಟಯ್ಯ ಎದುರಿಗೆ ಹೋಗಿ ನಿಂತು, ಬೆರಳು ಮೇಲೆತ್ತಿ ಗಾಳಿಯಲ್ಲಿ ಸುತ್ತಿದ. ಇಂಜಿನ್ನು ಗುಡುಗಿತು.

ಭಾನುಮತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಸುತ್ತಿದಳು. ಹಗ್ಗ ಬಿಗಿಯಿತು. ಬಾಯ್ಲರಿನ ಕೆಳಗೆ ಬೆಳಕಿನ ಒಂದು ಗೆರೆ ಕಾಣಿಸಿತು. ಗೆರೆ ಅಗಲವಾಯಿತು.

ಆಗ, ತುಕ್ಕು ಹಿಡಿಯದಿರಲೆಂದು ಕೆಂಪು ಬಳಿದಿದ್ದ ಬಾಯ್ಲರಿನ ಬೆನ್ನ ಮೇಲೆ ಏನೋ ಕಪ್ಪಗೆ ಉದುರಿತು. ಎಳ್ಳು ಚೆಲ್ಲಿದ ಹಾಗೆ. ಒಂದು ಚಿಟಿಕೆ, ಮತ್ತೊಂದು ಚಿಟಿಕೆ. ಅವಳು ತಲೆಯೆತ್ತಿದಳು. ತುದಿಯ ರಾಟೆಯಲ್ಲಿ ಬಾಗುತ್ತಿದ್ದ ಹಗ್ಗ ಡಾಂಬರನ್ನು ಕೊಡವಿಕೊಳ್ಳುತ್ತಿತ್ತು. ಕೊಡವಿದ ಕಡೆ ಮುಳ್ಳುಹಂದಿಯ ಹಾಗೆ ನಿಮಿರಿದ ತಂತಿಗಳು.

ಕೂಗಿದರೆ ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳುವಂತಿರಲಿಲ್ಲ. ಬೆಟ್ಟಯ್ಯನ ಬೆನ್ನು ಇತ್ತ ಇತ್ತು. ಅವಳು ಬಾಗಿಲು ತಳ್ಳಿ ಧುಮುಕಿದಳು. ಸೀರೆ ಕೈಯಲ್ಲಿ ಹಿಡಿದು, ಜಲ್ಲಿಯ ಗುಡ್ಡೆ ತುಳಿದು, ಬಾಯ್ಲರಿನ ಮುಂದಕ್ಕೇ ಓಡಿ, ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ನಿಂತಳು.

ಮಹದೇವುವಿನ ಕಣ್ಣಿಗೆ ಮೊದಲು ಕಂಡದ್ದು ಬಿಳಿ ಸೀರೆ. ಕಾಣಬಾರದ ಹೊತ್ತಿನಲ್ಲಿ, ಕಾಣಬಾರದ ಜಾಗದಲ್ಲಿ. ಬೆಟ್ಟಯ್ಯನ ಬೆರಳು ಇನ್ನೂ ಎತ್ತು ಎತ್ತು ಎನ್ನುತ್ತಲೇ ಇತ್ತು. ಎತ್ತು ಎನ್ನಲು ಒಬ್ಬನೇ, ನಿಲ್ಲಿಸು ಎನ್ನಲು ಊರೆಲ್ಲ. ಕುರಿ ಕಾಯುವವನು ಕೈಯೆತ್ತಿದರೂ ಬ್ರೇಕು ಹಾಕಬೇಕು: ಪುಟ್ಟಸ್ವಾಮಿ ಅವನಿಗೆ ಮೊದಲ ದಿನ ಕಲಿಸಿದ್ದ ಪಾಠ ಅದು. ಮಹದೇವು ಒಂದು ಗಳಿಗೆ ತಡೆದ. ಬಾಯ್ಲರು ಇನ್ನೂ ನಾಲ್ಕು ಬೆರಳು ಏರಿತು. ಆಮೇಲೆ ಬ್ರೇಕು ಕಿರುಚಿತು.

"ಇಳಿಸು" ಎಂದು ಅವಳು ಅಂಗೈಯನ್ನು ಕೆಳಮುಖ ಮಾಡಿ ತೋರಿಸಿದಳು.

ಬಾಯ್ಲರು ನೆಲ ಮುಟ್ಟಿತು. ಇಂಜಿನ್ನು ಆರಿತು. ಮೊದಲು ಬಾಯಿ ಬಿಟ್ಟವನು ಶಿವರುದ್ರಪ್ಪ. "ಥೂ! ಅದಕ್ಕೇ ನಾನು ಬೆಟ್ಟಯ್ಯನಿಗೆ ಹೇಳಿದ್ದೆ, ಆಯಮ್ಮನ್ನ ಕರ್ಕೊಂಡು ಬರಬೇಡ ಅಂತ. ಭಾರ ನೆಲ ಬಿಡೋಕೆ ಮುಂಚೆ ಎದುರಿಗೆ ಬಂದು ನಿಂತ್ರೆ ಕೆಲಸ ಉದ್ಧಾರ ಆಗುತ್ತಾ?"

ಬೆಟ್ಟಯ್ಯ ಆಗಲೇ ರಾಟೆಯಲ್ಲಿ ನಿಮಿರಿದ ತಂತಿಗಳನ್ನು ನೋಡಿದ್ದ. ಶಿವರುದ್ರಪ್ಪನ ಕಡೆ ತಿರುಗಿದ. "ನೆಲ ಬುಟ್ಟಿತ್ತು ಸ್ವಾಮಿ."

"ಏನು?"

"ಒಂದು ಗೇಣು ಬುಟ್ಟಿತ್ತು. ನಾನೇ ಕಣ್ಣಾರೆ ಕಂಡಿವ್ನಿ. ಆಮ್ಯಾಕೇ ಅವ್ವಾರು ಇಳ್ದಿದ್ದು. ಏನ್ರಲಾ?"

"ಗೇಣಿನ ಮ್ಯಾಲೇ ಇತ್ತು" ಎಂದ ಬಾಯ್ಲರಿಗೆ ಕೈಯಿಟ್ಟಿದ್ದ ನಾಲ್ವರಲ್ಲಿ ಒಬ್ಬ.

ಮಹದೇವು ಕ್ರೇನಿನ ತೋಳನ್ನು ಕೆಳಕ್ಕೆ ಬಾಗಿಸಿದ. ಬೆಟ್ಟಯ್ಯ ತಲೆಯ ವಸ್ತ್ರ ಬಿಚ್ಚಿ, ಡಾಂಬರು ಉದುರಿದ ಕಡೆ ಸೀಮೆಎಣ್ಣೆಯಿಂದ ಒರೆಸಿ, ಸುತ್ತಿ ಎಳೆದ. ವಸ್ತ್ರ ಚರ್ರನೆ ಹರಿಯಿತು. ಭಾನುಮತಿ ಬಗ್ಗಿ ನೂಲುಗಳನ್ನು ಎಣಿಸಿದಳು. ಒಂದು ಗೇಣು ಉದ್ದದಲ್ಲಿ ಇಪ್ಪತ್ತಮೂರು.

ಶಿವರುದ್ರಪ್ಪನೂ ಬೆರಳಿಟ್ಟು ನೋಡಿದ. ತಟ್ಟನೆ ಕೈ ಹಿಂದಕ್ಕೆಳೆದು, ಚುಚ್ಚಿದ ಬೆರಳನ್ನು ಬಾಯಿಗಿಟ್ಟುಕೊಂಡ.

"ನನಗೆ ಎತ್ತುವ ಮುಂಚೆಯೇ ಅನುಮಾನ ಬಂದಿತ್ತು. ಹೇಳಲಿಲ್ಲ" ಎಂದಳು ಭಾನುಮತಿ. ಯಾರಿಗೆ ಹೇಳಿದಳೆಂದು ಯಾರಿಗೂ ತಿಳಿಯಲಿಲ್ಲ. ಮಹದೇವು ತಲೆ ತಗ್ಗಿಸಿ ನಿಂತಿದ್ದ.

"ಎಷ್ಟು ಹೊತ್ತು ಬೇಕಮ್ಮ?" ಶಿವರುದ್ರಪ್ಪ ಬೆರಳು ತೆಗೆಯದೆಯೇ ಕೇಳಿದ.

"ಕೆಟ್ಟ ಭಾಗ ಪೂರಾ ಕತ್ತರಿಸಬೇಕು. ಉಳಿದದ್ದನ್ನೆಲ್ಲ ಕೆರೆದು ಬಟ್ಟೆ ಹಿಡಿಯಬೇಕು. ಆಮೇಲೆ ಕೊಕ್ಕೆ ಕಟ್ಟಬೇಕು. ಸಂಜೆ ನಾಲ್ಕು ಗಂಟೆ ಆಗಬಹುದು. ಉಳಿದದ್ದೂ ಕೆಟ್ಟಿದ್ದರೆ ಎತ್ತುವುದಿಲ್ಲ."

ಅವನು ಗಡಿಯಾರ ನೋಡಿದ. ಬೆಂಗಳೂರಿನ ಮಾತು ಮತ್ತೆ ಎತ್ತಲಿಲ್ಲ. "ಊಟಕ್ಕೆ ಹೇಳ್ತೀನಿ" ಎಂದು ಹೋದ.

ಉಳಿದ ಹಗ್ಗ ಅವಳ ಕೈಯೊಳಗಿನ ಬಟ್ಟೆಯಲ್ಲಿ ಅಂಗುಲ ಅಂಗುಲವಾಗಿ ಓಡಿತು. ಮೂರು ನೂಲು, ಮೂರೂ ದೂರ ದೂರ; ಭಾರ ತಾಳುತ್ತದೆ. ನಾಲ್ಕೂಕಾಲಿಗೆ ಕೊಕ್ಕೆ ಸಿದ್ಧವಾಯಿತು. ಬೆಟ್ಟಯ್ಯ ಇನ್ನೊಂದು ತೆಂಗಿನಕಾಯಿ ಕೈಯಲ್ಲಿ ಹಿಡಿದು ಅವಳನ್ನೊಮ್ಮೆ, ಲಾರಿಯನ್ನೊಮ್ಮೆ ನೋಡಿದ. ಅವಳೇ ಹೋಗಿ ಲಾರಿ ಹತ್ತಿದಳು. ಕೂರಲಾಗಲಿಲ್ಲ. ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತಳು, ಅರ್ಧ ಒಳಗೆ, ಅರ್ಧ ಹೊರಗೆ.

ಬಾಯ್ಲರು ನೆಲ ಬಿಟ್ಟಿತು. ಅವಳು ಹಗ್ಗ ನೋಡಲಿಲ್ಲ, ಬೆಟ್ಟಯ್ಯನನ್ನು ನೋಡಲಿಲ್ಲ. ಆ ಕೆಂಪು ಬೆನ್ನನ್ನೇ ನೋಡಿದಳು. ಒಂದು ಗೇಣು. ಆಳೆತ್ತರ. ಗೋಡೆ. ಕಪ್ಪಗೆ ಏನೂ ಉದುರಲಿಲ್ಲ. ಕಟ್ಟೆಯ ಮೇಲೆ ಬಾಯ್ಲರು ಕೂತ ಅದುರು ಲಾರಿಯ ಮೆಟ್ಟಿಲಿಗೂ ತಾಕಿತು. ಹುಡುಗರು ಕೇಕೆ ಹಾಕಿದರು.

ಬೆಟ್ಟಯ್ಯ ಬೆವರು ಒರೆಸಿಕೊಳ್ಳಲು ವಸ್ತ್ರ ಹುಡುಕಿ, ಅದು ಹರಿದದ್ದು ನೆನಪಾಗಿ, ತೋಳಿನಲ್ಲೇ ಮುಖ ಒರೆಸಿಕೊಳ್ಳುತ್ತ ಹತ್ತಿರ ಬಂದ.

"ಕೈ ಇಳ್ಸಿ ಅವ್ವಾ. ಕುಂತಾಯ್ತು."

ಆಗಲೇ ಅವಳಿಗೆ ಗೊತ್ತಾದದ್ದು. ಬಲಗೈ ಅಷ್ಟು ಹೊತ್ತೂ ಹೆಗಲಿಗಿಂತ ಮೇಲೆ, ನಿಲ್ಲಿಸು ಎನ್ನಲು ಸಿದ್ಧವಾಗಿ, ಎದ್ದೇ ನಿಂತಿತ್ತು. ಇಳಿಸಲು ನೋಡಿದಳು. ಅದು ಕೂಡಲೇ ಇಳಿಯಲಿಲ್ಲ.