ಕಚ್ಚಣ್ಣನ ಅಂಗಿ

ಕಚ್ಚಣ್ಣನಿಗೆ ಆ ಹೆಸರು ಬಂದಿದ್ದು ಹಲ್ಲಿನಿಂದ. ಚೀಲದ ದಾರವಿರಲಿ, ಬಾಟಲಿ ಮುಚ್ಚಳವಿರಲಿ, ಬಾಯಿ ಹಾಕಿದರೇ ಸಮಾಧಾನ.

ಮಾವಿನ ತೋಟದಲ್ಲಿ ಹಣ್ಣುನೊಣದ ಬಲೆಗಳನ್ನು ಹೆಂಡತಿ ಮೊದಲೇ ಕಟ್ಟಿದ್ದಳು. ಒಳಗೆ ನೊಣ ಸೆಳೆಯುವ ವಾಸನೆ ಮದ್ದು ಆರಿದೆ, ಬದಲಿಸಿ ಎಂದು ಅವಳು ಬಾಯಿ ನೋಯುವಷ್ಟು ಹೇಳಿದಳು. ಇವನು ಹೊರಟಿದ್ದು ವ್ಯಾಪಾರಿ ಬರುವ ದಿನ ಬೆಳಿಗ್ಗೆ. ಇಡೀ ತೋಟ ಕೊಳ್ಳುವವನು ಅವನೊಬ್ಬನೇ. ಅವನು ಬೆನ್ನು ತಿರುಗಿಸಿದರೆ ಹಣ್ಣೆಲ್ಲ ನೆಲದ ಪಾಲು.

ಮದ್ದಿನ ಬಾಟಲಿಯ ಮುಚ್ಚಳ ಕಚ್ಚಿ ತಿರುಗಿಸಿದ. ಮದ್ದು ಗಲ್ಲದಿಂದ ಇಳಿದು ಅಂಗಿಯೆಲ್ಲ ತೋಯ್ದಿತು. ಸೋಪು ಹಾಕಿ ತಿಕ್ಕಿಕೊಂಡ, ಬೇರೆ ಅಂಗಿ ತೊಟ್ಟ. ವಾಸನೆ ಚರ್ಮ ಬಿಡಲಿಲ್ಲ. ವ್ಯಾಪಾರಿ ಗಾಡಿಯಿಂದ ಇಳಿಯುವಾಗ ಕಚ್ಚಣ್ಣನ ತಲೆಯ ಮೇಲೆ ನೊಣಗಳ ಕೊಡೆ ಬಿಚ್ಚಿತ್ತು.

"ಏನ್ ಯಜಮಾನ್ರೇ, ಸಾಕಿದೀರಾ?"

"ಗಾಳಿಗೆ ಬಂದಿದಾವೆ, ಹೋಗ್ತಾವೆ."

ಗಾಳಿ ಇರಲಿಲ್ಲ. ಎಲೆಯೊಂದೂ ಅಲುಗುತ್ತಿರಲಿಲ್ಲ.

ವ್ಯಾಪಾರಿ ಕಂಡಕಂಡ ಮರದಿಂದ ಹಣ್ಣು ಕಿತ್ತು ಕೊಯ್ದ. ಹುಳವಿಲ್ಲ. ಹಣ್ಣು ನೋಡಿದ, ಕಚ್ಚಣ್ಣನನ್ನು ನೋಡಿದ, ಚಾಕು ಮಡಚಿದ.

"ಹಣ್ಣೇನೋ ಚೆನ್ನಾಗಿದೆ. ಇಷ್ಟು ನೊಣ ಇರೋ ತೋಟ ನಂಗ್ಬೇಡಪ್ಪ."

ಕಚ್ಚಣ್ಣ ಅವನಿಗೆ ಅಡ್ಡ ಬಂದ. ಮಾತಾಡಲು ಬಾಯಿ ತೆರೆದ. ನೊಣವೊಂದು ಒಳಗೆ ಹೋಯಿತು.

ಹಿಂದೆಯೇ ಬಂದಿದ್ದ ಹೆಂಡತಿ ಬುಟ್ಟಿ ಕೆಳಗಿಟ್ಟಳು. "ಅಣ್ಣಾ, ಇವೆಲ್ಲ ಗಂಡುನೊಣ. ಬಲೆಗೆ ಹಾಕೋ ಮದ್ದನ್ನ ಇವ್ರು ಮೈಮೇಲೆ ಸುರ್ಕೊಂಡ್ರು, ಅದಕ್ಕೇ ಮುತ್ತಿದಾವೆ. ಹಣ್ಣು ಚುಚ್ಚಿ ಮೊಟ್ಟೆ ಇಡೋದು ಹೆಣ್ಣು. ಗಂಡು ಕೆಲ್ಸಕ್ಕೂ ಇಲ್ಲ, ಕೇಡಿಗೂ ಇಲ್ಲ. ಸುಮ್ನೆ ಸುತ್ತುತ್ತೆ."

"ನನ್ನ ಮಾತಾ, ನೊಣದ್ದಾ?" ಎಂದ ಕಚ್ಚಣ್ಣ.

"ನೊಣದ್ದು ರೀ. ಗಂಡನ್ನೆಲ್ಲ ಬಲೆಗೆ ಬೀಳಿಸಿ ಹೆಣ್ಣಿಗೆ ಜೋಡಿ ಸಿಗದ ಹಾಗೆ ಮಾಡಿದ್ರೆ ಮರಿಯೂ ಇಲ್ಲ, ಹುಳವೂ ಇಲ್ಲ. ಬಲೆ ಇರೋದೇ ಅದಕ್ಕೆ."

ವ್ಯಾಪಾರಿ ಕಚ್ಚಣ್ಣನನ್ನು ಒಳ್ಳೆ ಗೊಬ್ಬರದ ಗುಂಡಿ ನೋಡಿದ ಹಾಗೆ ಮೇಲಿಂದ ಕೆಳಗೆ ನೋಡಿದ.

"ಹಂಗಾದ್ರೆ ತಗೋತೀನಿ ತಂಗಿ. ಆದ್ರೆ ಒಂದ್ ಮಾತು. ಕೊಯ್ಲು ಮುಗಿಯೋವರೆಗೂ ಇವ್ರು ಹಣ್ಣಿನ ಪೆಟ್ಟಿಗೆ ಹತ್ರ ಸುಳೀಬಾರ್ದು. ಆ ಕಡೆ ಬೇಲಿ ಹತ್ರ ನಿಂತಿರ್ಲಿ."

"ಕೂತ್ಕೋಬಹುದಾ?" ಎಂದ ಕಚ್ಚಣ್ಣ.

"ಕೂತ್ಕೊಳ್ಲಿ ಬಿಡಿ. ಅದಂತೂ ಅವ್ರಿಗೆ ಅಭ್ಯಾಸ ಇದೆ," ಎಂದಳು ಹೆಂಡತಿ.

ಕೊಯ್ಲು ಶುರುವಾಯಿತು. ಕಚ್ಚಣ್ಣ ಬೇಲಿಯ ಬಳಿ ಕುರ್ಚಿ ಹಾಕಿಕೊಂಡು ಕೂತ. ಮದ್ದಿನ ಅಂಗಿಯನ್ನು ಹೆಂಡತಿ ಅವನ ತಲೆಯ ಮೇಲಿನ ಕೊಂಬೆಗೇ ನೇತುಹಾಕಿದ್ದಳು. ಆ ಸಲ ತೋಟದ ಬಲೆಗಳಿಗೆಲ್ಲ ಸೇರಿ ಬಿದ್ದ ನೊಣಕ್ಕಿಂತ ಹೆಚ್ಚು ಅಲ್ಲೇ ಇದ್ದವು.