ಸುಣ್ಣಕ್ಕೂ ಹತ್ತಿದ ಹಳದಿ

ಅಟ್ಟದಿಂದ ಇಳಿಸಿದ ಮೊದಲ ಕಾಯಿಯ ಚಿಪ್ಪೊಡೆದು, ಒಳಗಿನ ಉಂಡೆ ಕೊಬ್ಬರಿಯನ್ನು ಎರಡು ಹೋಳು ಮಾಡಿ ಬಿಸಿಲಿಗೆ ಹಿಡಿದ ರಂಗಪ್ಪನವರು ಮುಖ ಸಿಂಡರಿಸಿದರು. ಇನ್ನೂ ನಾಲ್ಕು ಒಡೆದು ನೋಡಿದರು.

“ಎಲ್ಲಾ ಹಳದಿ ತಿರುಗೈತಲ್ಲೇ! ಹನ್ನೊಂದು ತಿಂಗ್ಳು ಅಟ್ಟ ಹೆಂಗೆ ನೋಡ್ಕಂಡೆ ನೀನು?”

ಮನೆಯೊಳಗಿನ ಮಾತಾಗಿದ್ದರೆ ಲಕ್ಷ್ಮಿದೇವಮ್ಮ ಅಲ್ಲೇ ಉತ್ತರ ಕೊಟ್ಟು ಮುಗಿಸುತ್ತಿದ್ದರು. ಆದರೆ ಜಗಲಿಯ ಮೇಲೆ ವ್ಯಾಪಾರಿ ಕೆಂಚಪ್ಪ ಕೂತಿದ್ದ. ಹೊನ್ನವಳ್ಳಿಯಲ್ಲಿ ಅವರ ಅಟ್ಟದ ಕೊಬ್ಬರಿಗೆ ಹೆಸರಿತ್ತು. ಆ ಹೆಸರು ಲಕ್ಷ್ಮಿದೇವಮ್ಮನವರೇ ಬೆಳೆಸಿದ್ದು. ಕೆಂಚಪ್ಪನ ಕಣ್ಣಿಗೂ ಕೊಬ್ಬರಿ ಬೆಳ್ಳಗೇ ಕಂಡಿತ್ತು. ಆದರೂ ಮಾಲಿನ ಯಜಮಾನನೇ ಕುಂದು ಹೇಳುವಾಗ ಬೇಡವೆನ್ನುವ ವ್ಯಾಪಾರಿ ಎಲ್ಲಿದ್ದಾನೆ?

“ಯಜಮಾನ್ರು ಹೇಳಿದ್ಮೇಲೆ ಮುಗೀತು. ಎರಡನೇ ದರ್ಜೆಗೇ ತಗತೀನಿ ಬುಡಿ. ಹತ್ತು ದಿನ ಬಿಟ್ಟು ಗಾಡಿ ತತ್ತೀನಿ,” ಎಂದು ಎದ್ದು ಹೊರಟೇ ಬಿಟ್ಟ.

ಲಕ್ಷ್ಮಿದೇವಮ್ಮ ಜಗಳಕ್ಕೆ ನಿಲ್ಲಲಿಲ್ಲ. ಒಳಗೆ ಹೋಗಿ ಎಲೆಅಡಿಕೆ ತಟ್ಟೆ ತಂದು, ಬೆರಳ ತುದಿಯಲ್ಲಿ ಸುಣ್ಣ ತೆಗೆದು ಗಂಡನ ಮುಂದೆ ಹಿಡಿದರು.

“ಇದ್ಯಾವ ಬಣ್ಣ ಹೇಳ್ರಿ?”

“ಹಳದಿ. ಅರಿಶಿನ ಕಲಸಿದ್ದೀಯೇನೇ?”

“ಸುಣ್ಣಕ್ಕೆ ಅರಿಶಿನ ಬಿದ್ರೆ ಕೆಂಪಾಗ್ತದೆ ಕಣ್ರೀ! ಕೊಬ್ಬರಿ ಕೆಟ್ಟಿಲ್ಲ, ನಿಮ್ಮ ಕಣ್ಣಿಗೆ ಏನೋ ಆಗೈತೆ.”

ಗೆದ್ದೆನೆಂದುಕೊಂಡ ಮರುಕ್ಷಣವೇ ಅವರಿಗೆ ಬೇರೊಂದು ಹೊಳೆಯಿತು. ಒಂದು ವಾರದಿಂದ ಈ ಮನುಷ್ಯ ಮುದ್ದೆ ಮುರಿದು ಹಾಗೇ ಬಿಡುತ್ತಿದ್ದಾರೆ, ವಾಕರಿಕೆ ಎನ್ನುತ್ತಿದ್ದಾರೆ. ಕೋಪ ಇಳಿದು ಹೆದರಿಕೆ ಹತ್ತಿತು. ಮುಂದಿನ ಬಸ್ಸಿಗೇ ತಿಪಟೂರಿಗೆ ಹೊರಡಿಸಿದರು.

ಅಲ್ಲಿ ಅವರ ಹೃದಯಕ್ಕೆ ಮೊದಲಿಂದಲೂ ಔಷಧ ಕೊಡುತ್ತಿದ್ದ ಡಾಕ್ಟರ್ ಗಿರಿಜಾಂಬಿಕಾ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದರು. ನಲವತ್ತಾರು.

“ಹೃದಯಕ್ಕೆ ಕೊಟ್ಟ ಆ ಸಣ್ಣ ಮಾತ್ರೇನ ಹೇಗೆ ತಗೋತಿದ್ದೀರಿ?”

“ನೀವು ಹೇಳ್ದಂಗೇ ಡಾಕ್ಟ್ರೇ. ಶನಿವಾರ, ಭಾನುವಾರ ಮುಟ್ಟಲ್ಲ.”

“ಸೋಮವಾರ?”

“ಸೋಮವಾರ ಮೂರು. ಎರಡು ದಿನದ ಬಾಕಿ ಇರ್ತದಲ್ಲ! ಎರಡು ದಿನ ಕರೆಂಟ್ ಹೋದ್ರೆ, ಬಂದ ದಿನ ಮೋಟ್ರು ಜಾಸ್ತಿ ಹೊತ್ತು ಓಡ್ಸಿ ತೋಟಕ್ಕೆ ನೀರು ಸರಿದೂಗಿಸ್ತೀವಲ್ಲ, ಹಂಗೆ.”

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಆದರೆ ಮಾತು ಗಟ್ಟಿಯಾಗಿಯೇ ಬಂತು. “ಈ ಔಷಧ ಮೈಯಿಂದ ನಿಧಾನವಾಗಿ ಹೋಗುತ್ತೆ. ಹೆಚ್ಚು ಸೇರದಿರಲಿ ಅಂತಲೇ ಎರಡು ದಿನ ರಜೆ ಕೊಟ್ಟಿದ್ದು. ಹೆಚ್ಚಾದರೆ ಊಟ ಸೇರಲ್ಲ, ಲೋಕವೆಲ್ಲ ಹಳದಿ ಕಾಣುತ್ತೆ, ನಾಡಿ ಇಳಿಯುತ್ತೆ. ಇನ್ನೂ ಇಳಿದಿದ್ದರೆ ಪ್ರಾಣಕ್ಕೇ ಬರ್ತಿತ್ತು. ಸದ್ಯಕ್ಕೆ ಆ ಮಾತ್ರೆ ನಿಲ್ಲಿಸಿ. ಮೂರು ದಿನ ಇಲ್ಲೇ ಇರಿ.”

ಮನೆಗೆ ಬಂದ ಐದನೆಯ ದಿನ ರಂಗಪ್ಪನವರು ಎರಡು ಮುದ್ದೆ ಉಂಡರು. ಕೈ ತೊಳೆದು ಬಂದು ಕೊಬ್ಬರಿಯ ಹೋಳನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಮಲ್ಲಿಗೆ ಇದ್ದಂಗೈತೆ ಕಣೇ,” ಎಂದರು ಮೆಲ್ಲಗೆ.

“ನನ್ನ ಕಿವಿಗೆ ಹೇಳಿದ್ರೆ ಆಯ್ತಾ? ಅವತ್ತು ಯಾರ ಮುಂದೆ ಅಂದ್ರಿ?”

ಹತ್ತನೆಯ ದಿನ ಗಾಡಿ ತಂದ ಕೆಂಚಪ್ಪ ಚಪ್ಪಲಿ ಬಿಡುವ ಮೊದಲೇ ರಂಗಪ್ಪನವರು ಜಗಲಿಯಿಂದ ಕೂಗಿದರು: “ಕೆಟ್ಟಿದ್ದು ನನ್ನ ಕಣ್ಣು ಕಣಪ್ಪ, ಕೊಬ್ಬರಿಯಲ್ಲ! ನಮ್ಮನೆಯವಳ ಅಟ್ಟದ್ದು ಮೊದಲ ದರ್ಜೆ. ಒಪ್ಪಿದ್ರೆ ತುಂಬ್ಕೊ, ಇಲ್ಲಾಂದ್ರೆ ಬರೀ ಗಾಡಿ ಹೊಡಿ.”

ಪಕ್ಕದ ಮನೆಯ ಸರ್ವಮಂಗಳ ಬಾಗಿಲಿಗೆ ಬಂದು ಕೇಳಿಸಿಕೊಳ್ಳುತ್ತಿದ್ದುದನ್ನು ಲಕ್ಷ್ಮಿದೇವಮ್ಮ ಕಿಟಕಿಯಿಂದ ಗಮನಿಸಿದರು. ಆಮೇಲೆ ಸಮಾಧಾನವಾಗಿ ಕಾಫಿಗೆ ನೀರಿಟ್ಟರು. ಕೆಂಚಪ್ಪನಿಗೂ ಸೇರಿಸಿ.